ಪರದೆ ದಾಟಿ ಬಾರದ ಪರಿಮಳ



ದೂರದರ್ಶನದಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ಒಂದು ಹಳೆಯ ಕೊರಗಿದೆ. ಅಡುಗೆಯ ಕಾರ್ಯಕ್ರಮವೊಂದನ್ನು ಚಿತ್ರೀಕರಿಸುತ್ತಿದ್ದೇವೆ ಎಂದುಕೊಳ್ಳಿ. ಕಾದ ಎಣ್ಣೆಯಲ್ಲಿ ಸಾಸಿವೆ ಸಿಡಿಯುವ ಚಟಪಟ ಸದ್ದನ್ನು ಮೈಕು ಹಿಡಿಯುತ್ತದೆ. ಕರಿಬೇವು ಗರಿಗರಿಯಾಗುವುದನ್ನು ಕ್ಯಾಮೆರಾ ಹಿಡಿಯುತ್ತದೆ. ಆದರೆ ಅಲ್ಲಿದ್ದವರೆಲ್ಲರ ಬಾಯಲ್ಲಿ ನೀರೂರಿಸಿದ ಆ ಒಗ್ಗರಣೆಯ ಘಮ ಮಾತ್ರ ಸ್ಟುಡಿಯೋದ ಬಾಗಿಲಲ್ಲೇ ನಿಂತುಬಿಡುತ್ತದೆ. ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಬಣ್ಣವೂ ಬರುತ್ತದೆ, ಸದ್ದೂ ಬರುತ್ತದೆ, ವಾಸನೆ ಬರುವುದಿಲ್ಲ. ಏಕೆ?

ಯಾರೂ ಪ್ರಯತ್ನಿಸಲಿಲ್ಲವೆಂದಲ್ಲ. 1960ರಲ್ಲಿ ಅಮೆರಿಕದಲ್ಲಿ ‘ಸೆಂಟ್ ಆಫ್ ಮಿಸ್ಟರಿ’ ಎಂಬ ಚಲನಚಿತ್ರವನ್ನು ತೋರಿಸುವಾಗ ಪ್ರೇಕ್ಷಕರ ಕುರ್ಚಿಗಳಿಗೆ ಕೊಳವೆಗಳನ್ನು ಜೋಡಿಸಿ, ದೃಶ್ಯಕ್ಕೆ ತಕ್ಕ ವಾಸನೆಯನ್ನು ಊದುವ ಏರ್ಪಾಡು ಮಾಡಿದ್ದರು. ಕೆಲವರಿಗೆ ವಾಸನೆ ತಡವಾಗಿ ಬಂತು, ಕೆಲವರಿಗೆ ಮಂದವಾಗಿ ಬಂತು, ಕೊಳವೆಗಳ ಬುಸ್ಸೆನ್ನುವ ಸದ್ದು ಮಾತ್ರ ಎಲ್ಲರಿಗೂ ಕೇಳಿಸಿತು. ಆ ಪ್ರಯೋಗ ಅಲ್ಲಿಗೇ ಮುಗಿಯಿತು.

ಈ ಸೋಲಿನ ಕಾರಣ ಕೊಳವೆಯಲ್ಲಿಲ್ಲ, ನಮ್ಮ ಮೂಗಿನಲ್ಲಿದೆ. ಕಣ್ಣಿನ ಮಾತನ್ನು ಮೊದಲು ತೆಗೆದುಕೊಳ್ಳೋಣ. ಬಣ್ಣ ಗುರುತಿಸಲು ನಮ್ಮ ಕಣ್ಣಿನಲ್ಲಿರುವುದು ಮೂರೇ ಬಗೆಯ ಕೋಶಗಳು. ಆದ್ದರಿಂದಲೇ ಪರದೆಯ ಮೇಲೆ ಕೆಂಪು, ಹಸಿರು, ನೀಲಿ ಎಂಬ ಮೂರು ಬಗೆಯ ಚುಕ್ಕೆಗಳನ್ನು ಹೆಚ್ಚುಕಡಿಮೆ ಬೆಳಗಿಸಿ, ನವಿಲಿನ ಗರಿಯಿಂದ ಹಿಡಿದು ಅರಿಶಿನದವರೆಗೆ ಬೇಕಾದ ಬಣ್ಣವನ್ನು ಕಣ್ಣಿಗೆ ಕಾಣಿಸಬಹುದು. ಪರದೆಯಲ್ಲಿ ಹಳದಿ ಚುಕ್ಕೆ ಇಲ್ಲವೇ ಇಲ್ಲ. ಕೆಂಪು ಹಸಿರುಗಳನ್ನು ಒಟ್ಟಿಗೆ ಬೆಳಗಿಸಿದರೆ ಸಾಕು, ಕಣ್ಣು ಅದನ್ನು ಹಳದಿ ಎಂದು ನಂಬುತ್ತದೆ. ಕಣ್ಣನ್ನು ಮೂರು ಕೀಲಿಕೈಗಳಿಂದ ಮೋಸಗೊಳಿಸಬಹುದು. ಮೂಗಿಗೆ ಎಷ್ಟು ಕೀಲಿಕೈ ಬೇಕು ಗೊತ್ತೇ? ಸುಮಾರು 400.

ಈ ಲೆಕ್ಕ ತಿಳಿದದ್ದು ಬಹಳ ಹಿಂದೇನಲ್ಲ. ಅದನ್ನು ಹೇಳುವ ಮೊದಲು ವಾಸನೆ ಎಂಬುದು ಮೂಗಿನ ಒಳಗೆ ನಡೆಯುವ ದಾರಿಯಲ್ಲಿ ನಾವೂ ಒಮ್ಮೆ ಹೋಗಿಬರೋಣ.

ವಾಸನೆ ಎಂದರೆ ವಸ್ತುವಿನ ಕಣವೇ ಹಾರಿ ಬಂದು ನಿಮ್ಮ ಮೈಯನ್ನು ಮುಟ್ಟುವುದು. ಬೆಳಕಿನಲ್ಲಿ, ಸದ್ದಿನಲ್ಲಿ ವಸ್ತು ದೂರದಲ್ಲೇ ಇರುತ್ತದೆ. ವಾಸನೆಯಲ್ಲಿ ಹಾಗಲ್ಲ. ಬೀದಿಯ ಕೊನೆಯ ಮನೆಯಲ್ಲಿ ಕಾಫಿಬೀಜ ಹುರಿದರೆ ಆ ಬೀಜದಿಂದ ಹೊರಟ ಅಣುಗಳೇ ನಿಮ್ಮ ಮೂಗಿನೊಳಗೆ ಬಂದು ಕುಳಿತಿರುತ್ತವೆ. (ಚರಂಡಿಯ ಪಕ್ಕ ನಡೆಯುವಾಗ ಈ ಸತ್ಯವನ್ನು ನೆನೆಯದಿರುವುದೇ ಲೇಸು.) ಹೀಗೆ ಹಾರಿಬರಬೇಕಾದರೆ ಅಣು ಹಗುರವಾಗಿರಬೇಕು, ಸುಲಭವಾಗಿ ಆವಿಯಾಗುವಂತಿರಬೇಕು. ಉಪ್ಪಿಗೆ ವಾಸನೆಯಿಲ್ಲ. ಕಬ್ಬಿಣಕ್ಕೂ ಇಲ್ಲ. ‘ಕಬ್ಬಿಣದ ಕಂಬಿ ಹಿಡಿದರೆ ಕೈಯೆಲ್ಲ ಒಂದು ಥರ ವಾಸನೆ ಬರುತ್ತದಲ್ಲ?’ ಎಂದು ನೀವು ಕೇಳಬಹುದು. ಅದು ಕಬ್ಬಿಣದ ವಾಸನೆಯಲ್ಲ, ನಿಮ್ಮದೇ! ಚರ್ಮದ ಮೇಲಿನ ಎಣ್ಣೆಯಂಶ ಕಬ್ಬಿಣದೊಡನೆ ಸೇರಿ ಒಡೆದಾಗ ಹುಟ್ಟುವ ಆವಿ ಅದು ಎಂದು 2006ರಲ್ಲಿ ರಸಾಯನಶಾಸ್ತ್ರಜ್ಞರು ತೋರಿಸಿದರು.

ಉಸಿರಿನೊಡನೆ ಒಳಬಂದ ಗಾಳಿಯ ಬಹುಪಾಲು ನೇರವಾಗಿ ಗಂಟಲಿಗೆ ಇಳಿಯುತ್ತದೆ. ಸ್ವಲ್ಪ ಭಾಗ ಮಾತ್ರ ಮೂಗಿನ ಮೇಲ್ಛಾವಣಿಯನ್ನು, ಎಂದರೆ ಎರಡು ಕಣ್ಣುಗಳ ನಡುವಿನ ಎತ್ತರದ ಜಾಗವನ್ನು ತಲುಪುತ್ತದೆ. ಹೂವನ್ನು ಮೂಗಿಗೆ ಹಿಡಿದಾಗ ನಾವು ‘ಸೂಂ’ ಎಂದು ಎಳೆದುಕೊಳ್ಳುವುದು ಇದಕ್ಕಾಗಿಯೇ. ಎಳೆತ ಜೋರಾದಷ್ಟೂ ಹೆಚ್ಚು ಗಾಳಿ ಮೇಲೇರುತ್ತದೆ. ಅಲ್ಲಿ ಅಂಚೆಚೀಟಿಯಷ್ಟು ಅಗಲದ, ಹಳದಿ ಛಾಯೆಯ ಒಂದು ಪೊರೆಯಿದೆ. ಲಕ್ಷಗಟ್ಟಲೆ ನರಕೋಶಗಳು ಆ ಪೊರೆಯಲ್ಲಿ ಒತ್ತೊತ್ತಾಗಿ ನಿಂತಿವೆ. ಪ್ರತಿಯೊಂದು ಕೋಶವೂ ಸಣ್ಣ ಸಣ್ಣ ಎಳೆಗಳನ್ನು ಮೂಗಿನ ಲೋಳೆಯೊಳಕ್ಕೆ ಚಾಚಿಕೊಂಡಿರುತ್ತದೆ. ವಾಸನೆಯ ಅಣು ಲೋಳೆಯಲ್ಲಿ ಕರಗಿ ಈ ಎಳೆಯನ್ನು ಮುಟ್ಟಬೇಕು.

ಇಲ್ಲಿ ಒಂದು ಕ್ಷಣ ನಿಲ್ಲಿ. ಹೊರಗಿನ ಗಾಳಿಗೆ ನೇರವಾಗಿ ಮೈಯೊಡ್ಡಿ ನಿಂತ ನರಕೋಶಗಳು ನಮ್ಮ ದೇಹದಲ್ಲಿ ಇವಿಷ್ಟೇ. ಧೂಳು, ಹೊಗೆ, ವೈರಸ್ಸು ಎಲ್ಲವೂ ಇವುಗಳ ಮೇಲೆ ಬೀಳುತ್ತವೆ. ಆದ್ದರಿಂದಲೇ ಇವುಗಳಿಗೆ ಆಯುಸ್ಸು ಕಡಿಮೆ. ಒಂದೆರಡು ತಿಂಗಳಿಗೆ ಹಳೆಯವು ಸತ್ತು, ಬುಡದಲ್ಲಿರುವ ಮೂಲಕೋಶಗಳಿಂದ ಹೊಸವು ಹುಟ್ಟಿ ಬರುತ್ತವೆ. ಮಿದುಳಿನ ನರಕೋಶ ಒಮ್ಮೆ ಸತ್ತರೆ ಸತ್ತಂತೆಯೇ ಎಂದು ನಾವು ಪಾಠದಲ್ಲಿ ಓದುತ್ತೇವಲ್ಲ, ಮೂಗು ಅದಕ್ಕೆ ಅಪವಾದ. ಈ ಮಾತು ಮುಂದೆ ಮತ್ತೆ ಬೇಕಾಗುತ್ತದೆ, ನೆನಪಿರಲಿ.

ಈಗ 1991ಕ್ಕೆ ಬನ್ನಿ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಎಂಬಿಬ್ಬರು ಇಲಿಯ ಮೂಗಿನ ಪೊರೆಯನ್ನು ಜಾಲಾಡುತ್ತಿದ್ದರು. ಅಣುವನ್ನು ಹಿಡಿಯುವ ಗ್ರಾಹಕ ಪ್ರೋಟೀನು ಯಾವುದು? ಅದನ್ನು ತಯಾರಿಸುವ ವಂಶವಾಹಿ ಎಲ್ಲಿದೆ? ಅವರಿಗೆ ಸಿಕ್ಕಿದ್ದು ಒಂದೆರಡು ವಂಶವಾಹಿಗಳಲ್ಲ, ಒಂದು ದೊಡ್ಡ ವಂಶವೇ. ಇಲಿಗಳಲ್ಲಿ ಸಾವಿರಕ್ಕೂ ಮಿಕ್ಕಿ ಇವೆ. ಮನುಷ್ಯರಲ್ಲಿ ಕೆಲಸ ಮಾಡುತ್ತಿರುವವು ಸುಮಾರು 400. ಜೊತೆಗೆ ಕಾಲಾಂತರದಲ್ಲಿ ಕೆಟ್ಟು ಮೂಲೆಗುಂಪಾದವು ಇನ್ನೂ ಅಷ್ಟೇ ಇವೆ. ನಮ್ಮ ದೇಹದ ಪ್ರೋಟೀನುಗಳನ್ನೆಲ್ಲ ಬರೆದಿಟ್ಟಿರುವ ವಂಶವಾಹಿಗಳ ಒಟ್ಟು ಸಂಖ್ಯೆ ಸುಮಾರು 20,000. ಅಂದರೆ ಐವತ್ತರಲ್ಲೊಂದು ಬರಿಯ ಮೂಸುವ ಕೆಲಸಕ್ಕೇ ಮೀಸಲು. ಈ ಇಬ್ಬರಿಗೂ 2004ರ ನೊಬೆಲ್ ಪಾರಿತೋಷಕ ಬಂತು.

ಸೊಗಸಾದ ಸಂಗತಿ ಇನ್ನು ಮುಂದಿದೆ. ಒಂದು ನರಕೋಶ ಒಂದೇ ಬಗೆಯ ಗ್ರಾಹಕವನ್ನು ಇಟ್ಟುಕೊಳ್ಳುತ್ತದೆ; ನಾನೂರರಲ್ಲಿ ಒಂದನ್ನು ಆರಿಸಿ ಉಳಿದವನ್ನು ಮುಚ್ಚಿಬಿಡುತ್ತದೆ. ಒಂದೇ ಗ್ರಾಹಕವನ್ನು ಆರಿಸಿಕೊಂಡ ಕೋಶಗಳು ಪೊರೆಯ ಮೇಲೆ ಅಲ್ಲಲ್ಲಿ ಚದುರಿಕೊಂಡಿದ್ದರೂ, ಅವುಗಳ ತಂತುಗಳು ಮೂಗಿನ ಮೇಲಿನ ಜರಡಿಯಂಥ ತೆಳುಮೂಳೆಯ ತೂತುಗಳ ಮೂಲಕ ಹಾದು, ಮಿದುಳಿನ ಅಡಿಯಲ್ಲಿರುವ ಘ್ರಾಣಪಿಂಡದಲ್ಲಿ ತಪ್ಪದೆ ಒಂದೇ ಗಂಟಿಗೆ ಬಂದು ಸೇರುತ್ತವೆ. ಜಾತ್ರೆಯಲ್ಲಿ ಚೆದುರಿಹೋದ ಒಂದೂರಿನ ಜನ ಸಂಜೆ ಒಂದೇ ಬಸ್ಸಿನ ಬಳಿ ಸೇರುವ ಹಾಗೆ.

ಹಾಗಾದರೆ ನಾನೂರು ಗ್ರಾಹಕಗಳಿಗೆ ನಾನೂರೇ ವಾಸನೆಗಳೇ? ಇಲ್ಲ. ಒಂದು ಅಣು ಹಲವು ಗ್ರಾಹಕಗಳಿಗೆ ಅಂಟುತ್ತದೆ. ಕೆಲವಕ್ಕೆ ಬಿಗಿಯಾಗಿ, ಕೆಲವಕ್ಕೆ ಸಡಿಲವಾಗಿ. ಒಂದು ಗ್ರಾಹಕವೂ ಹಲವು ಅಣುಗಳಿಗೆ ಬಾಗಿಲು ತೆರೆಯುತ್ತದೆ. ಯಾವ ಯಾವ ಗ್ರಾಹಕಗಳು ಒಟ್ಟಿಗೆ ಎಚ್ಚೆತ್ತವು ಎಂಬ ಜೋಡಣೆಯೇ ಒಂದು ವಾಸನೆಯ ಗುರುತು. ಕನ್ನಡದ ಸುಮಾರು ಐವತ್ತು ಅಕ್ಷರಗಳಿಂದ ನಿಘಂಟಿನ ಅಷ್ಟೂ ಪದಗಳು ಹುಟ್ಟುವುದಿಲ್ಲವೇ? ಇಲ್ಲಿ ನಾನೂರು ಅಕ್ಷರಗಳಿವೆ! ಮನುಷ್ಯ ಲಕ್ಷ ಕೋಟಿ ವಾಸನೆಗಳನ್ನು ಬೇರ್ಪಡಿಸಬಲ್ಲ ಎಂದು 2014ರಲ್ಲಿ ಕೆಲವರು ಲೆಕ್ಕಹಾಕಿದರು. ಆ ಗಣಿತವೇ ಸರಿಯಿಲ್ಲವೆಂದು ಮರುವರ್ಷ ಬೇರೆಯವರು ತಕರಾರೆತ್ತಿದರು. ಲೆಕ್ಕ ಏನೇ ಇರಲಿ, ಒಂದು ಜನ್ಮಕ್ಕೆ ಸಾಕಾಗಿ ಮಿಗುವಷ್ಟಿದೆ ಎಂಬುದರಲ್ಲಿ ಅನುಮಾನವಿಲ್ಲ.

ಈ ಜೋಡಣೆಯ ಆಟ ಎಷ್ಟು ಸೂಕ್ಷ್ಮವೆಂದು ನಿಮ್ಮ ಅಡುಗೆಮನೆಯಲ್ಲೇ ನೋಡಬಹುದು. ಪುದೀನ ಸೊಪ್ಪಿನಲ್ಲಿ ಕಾರ್ವೋನ್ ಎಂಬ ಅಣುವಿದೆ. ಸಬ್ಬಸಿಗೆ ಬೀಜದಲ್ಲಿರುವುದೂ ಕಾರ್ವೋನೇ. ಅದೇ ಇಂಗಾಲ, ಅದೇ ಜಲಜನಕ, ಅದೇ ಆಮ್ಲಜನಕ, ಅದೇ ಸಂಖ್ಯೆ, ಅದೇ ಜೋಡಣೆ. ವ್ಯತ್ಯಾಸವಿಷ್ಟೇ: ಎಡಗೈ ಬಲಗೈಗಳಂತೆ ಒಂದು ಇನ್ನೊಂದರ ಕನ್ನಡಿಬಿಂಬ. ಎಡಗೈಯ ಕೈಗವಸು ಬಲಗೈಗೆ ಹೊಂದುವುದಿಲ್ಲವಷ್ಟೆ. ಹಾಗೆಯೇ ಗ್ರಾಹಕಗಳು ಇವೆರಡನ್ನೂ ಬೇರೆ ಬೇರೆಯಾಗಿ ಹಿಡಿಯುತ್ತವೆ. ಒಂದು ಪುದೀನವಾಗಿ ಮೂಗಿಗೆ ತಂಪೆರೆಯುತ್ತದೆ, ಇನ್ನೊಂದು ಸಬ್ಬಸಿಗೆಯ ಕಡೆಗೆ ಎಳೆಯುತ್ತದೆ. ಇನ್ನೊಂದು ಉದಾಹರಣೆ ಮಲ್ಲಿಗೆಯದು. ಮಲ್ಲಿಗೆಯ ಕಂಪಿನಲ್ಲಿ ಇಂಡೋಲ್ ಎಂಬ ಅಣು ಅಲ್ಪ ಪ್ರಮಾಣದಲ್ಲಿದೆ. ಅದನ್ನೇ ಹೆಚ್ಚು ಪ್ರಮಾಣದಲ್ಲಿ ಮೂಗಿಗೆ ಹಿಡಿದರೆ ಮಲದ ನಾತ! ಪ್ರಮಾಣ ಏರಿದಂತೆ ಸಡಿಲವಾಗಿ ಅಂಟುವ ಗ್ರಾಹಕಗಳೂ ಎಚ್ಚೆತ್ತುಕೊಳ್ಳುತ್ತವೆ. ಜೋಡಣೆ ಬದಲಾಗುತ್ತದೆ, ಪದವೇ ಬೇರೆಯಾಗುತ್ತದೆ.

ದೂರದರ್ಶನಕ್ಕೆ ವಾಸನೆ ಏಕೆ ಒಲಿಯಲಿಲ್ಲವೆಂದು ಈಗ ನಿಮಗೆ ಹೊಳೆದಿರಬೇಕು. ಕೆಂಪು, ಹಸಿರು, ನೀಲಿಗಳಂಥ ಮೂಲ ವಾಸನೆಗಳನ್ನು ಹುಡುಕಿದವರಿದ್ದಾರೆ. ಜಾನ್ ಅಮೂರ್ ಎಂಬ ವಿಜ್ಞಾನಿ ಕಳೆದ ಶತಮಾನದ ಮಧ್ಯಭಾಗದಲ್ಲಿ ಕರ್ಪೂರ, ಕಸ್ತೂರಿ, ಹೂವು ಮೊದಲಾಗಿ ಏಳು ಮೂಲ ವಾಸನೆಗಳ ಪಟ್ಟಿ ಮಾಡಿದ್ದ. ನಮ್ಮ ತರ್ಕಶಾಸ್ತ್ರದವರು ಇನ್ನೂ ಸರಳವಾಗಿ ಸುರಭಿ, ಅಸುರಭಿ ಎಂದು ಎರಡೇ ಮಾಡಿ ಕೈತೊಳೆದುಕೊಂಡಿದ್ದರು. ಏಳೂ ಸಾಲದು, ಎರಡೂ ಸಾಲದು. ಒಗ್ಗರಣೆಯ ಘಮವನ್ನು ನಿಮ್ಮ ಮನೆಗೆ ಕಳಿಸಬೇಕಾದರೆ ಹತ್ತಾರು ಬಗೆಯ ಅಣುಗಳನ್ನು ನಿಮ್ಮ ಪೆಟ್ಟಿಗೆಯೇ ತಯಾರಿಸಿ ಊದಬೇಕು, ಮರುಕ್ಷಣವೇ ಅವನ್ನು ಕೋಣೆಯಿಂದ ಹೊರದಬ್ಬಬೇಕು. ಇಲ್ಲವಾದರೆ ವಾರ್ತೆ ಓದುವವರೂ ಇಂಗಿನ ವಾಸನೆಯಲ್ಲೇ ಓದಬೇಕಾದೀತು.

ಈ ವಿಷಯದಲ್ಲಿ ನಮ್ಮ ವೃತ್ತಿಯವರ ಒಂದು ಕೀಟಲೆಯನ್ನೂ ಹೇಳಬೇಕು. 1965ರ ಏಪ್ರಿಲ್ ಒಂದರಂದು ಬಿ.ಬಿ.ಸಿ.ಯಲ್ಲಿ ಒಬ್ಬ ‘ಪ್ರಾಧ್ಯಾಪಕ’ರು ಬಂದು, ತಾವು ದೂರದರ್ಶನದ ಮೂಲಕ ವಾಸನೆ ಕಳಿಸುವ ಯಂತ್ರ ಕಂಡುಹಿಡಿದಿರುವುದಾಗಿ ಹೇಳಿ, ಕಾಫಿಬೀಜವನ್ನೂ ಈರುಳ್ಳಿಯನ್ನೂ ಯಂತ್ರಕ್ಕೆ ಹಾಕಿದರು. ವಾಸನೆ ಬಂತೆಂದು ವೀಕ್ಷಕರು ದೂರವಾಣಿ ಮಾಡಿದರು! ಅವರು ಸುಳ್ಳು ಹೇಳಿದರೆಂದು ನಗಬೇಡಿ. ವಾಸನೆ ಮೂಗಿನಲ್ಲಿ ಶುರುವಾದರೂ ಮುಗಿಯುವುದು ಮಿದುಳಿನಲ್ಲಿ. ಒಂದೇ ಅಣುವಿನ ವಾಸನೆಯನ್ನು ಒಮ್ಮೆ ‘ಚೀಸ್’ ಎಂಬ ಚೀಟಿಯೊಡನೆಯೂ ಮತ್ತೊಮ್ಮೆ ‘ಬೆವರು’ ಎಂಬ ಚೀಟಿಯೊಡನೆಯೂ ಕೊಟ್ಟಾಗ, ಜನ ಮೊದಲನೆಯದನ್ನು ಮೆಚ್ಚಿ ಎರಡನೆಯದಕ್ಕೆ ಮುಖ ಸಿಂಡರಿಸಿದರೆಂದು ಆಕ್ಸ್‌ಫರ್ಡಿನ ಪ್ರಯೋಗವೊಂದು 2005ರಲ್ಲಿ ತೋರಿಸಿತು.

ಘ್ರಾಣಪಿಂಡದಿಂದ ಹೊರಟ ಸಂದೇಶ ಮಿದುಳಿನಲ್ಲಿ ಹಿಡಿಯುವ ದಾರಿಯೂ ವಿಶೇಷವಾದದ್ದು. ಕಣ್ಣು, ಕಿವಿ, ಚರ್ಮಗಳ ಸುದ್ದಿ ಮೊದಲು ಥಲಾಮಸ್ ಎಂಬ ಜಂಕ್ಷನ್ನಿಗೆ ಹೋಗಿ ಅಲ್ಲಿಂದ ಮುಂದಕ್ಕೆ ರವಾನೆಯಾಗುತ್ತದೆ. ವಾಸನೆಯ ಸುದ್ದಿ ಆ ಜಂಕ್ಷನ್ನಿನಲ್ಲಿ ಇಳಿಯದೆ, ಭಾವನೆ ಮತ್ತು ನೆನಪುಗಳನ್ನು ನೋಡಿಕೊಳ್ಳುವ ಭಾಗಗಳ ಅಂಗಳಕ್ಕೇ ನೇರವಾಗಿ ಬಂದುಬಿಡುತ್ತದೆ. ಹೊಸ ಪಠ್ಯಪುಸ್ತಕದ ಹಾಳೆಯ ವಾಸನೆ ಬಂದೊಡನೆ ಜೂನ್ ತಿಂಗಳ ಮಳೆ, ಹೊಸ ತರಗತಿ, ಹೊಟ್ಟೆಯೊಳಗಿನ ಸಣ್ಣ ಭಯ ಎಲ್ಲವೂ ಒಟ್ಟಿಗೇ ಎದ್ದುಬರುವುದು ಇದರಿಂದಲೇ. ಹೆಸರು ಆಮೇಲೆ ನೆನಪಾಗುತ್ತದೆ. ಎದೆ ಮೊದಲೇ ಬಡಿದುಕೊಂಡಿರುತ್ತದೆ.

ಮಳೆಯ ಮಾತು ಬಂದದ್ದರಿಂದ ಒಂದೆರಡು ಮಾತು. ಬಿಸಿಲಿಗೆ ಕಾದ ನೆಲದ ಮೇಲೆ ಮೊದಲ ಹನಿ ಬಿದ್ದಾಗ ಏಳುವ ಮಣ್ಣಿನ ವಾಸನೆಗೆ 1964ರಲ್ಲಿ ಆಸ್ಟ್ರೇಲಿಯದ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ ‘ಪೆಟ್ರಿಕೋರ್’ ಎಂಬ ಹೆಸರಿಟ್ಟರು. ಉತ್ತರಪ್ರದೇಶದ ಕನೌಜಿನಲ್ಲಿ ಸುಟ್ಟ ಮಣ್ಣಿನಿಂದ ಆ ವಾಸನೆಯನ್ನೇ ಬಟ್ಟಿಯಿಳಿಸಿ ಅತ್ತರು ಮಾಡುವ ಕಸುಬು ಅದಕ್ಕೂ ಎಷ್ಟೋ ಮೊದಲಿನಿಂದ ಇತ್ತು. ಈ ವಾಸನೆಯ ಮುಖ್ಯ ಪಾತ್ರಧಾರಿ ಜಿಯೋಸ್ಮಿನ್ ಎಂಬ ಅಣು. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ತಯಾರಿಸುತ್ತವೆ. ಒಂದು ಲಕ್ಷ ಕೋಟಿ ಭಾಗ ನೀರಿನಲ್ಲಿ ಐದು ಹತ್ತು ಭಾಗವಿದ್ದರೂ ನಮ್ಮ ಮೂಗು ಅದನ್ನು ಹಿಡಿಯಬಲ್ಲದು. 2015ರಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯವರು ಅತಿವೇಗದ ಕ್ಯಾಮೆರಾ ಇಟ್ಟು, ಹನಿ ನೆಲಕ್ಕೆ ಬಿದ್ದಾಗ ಅದರೊಳಗೆ ಗಾಳಿಗುಳ್ಳೆಗಳೆದ್ದು, ಸೋಡಾದ ನೊರೆಯಂತೆ ಸಿಡಿದು ತುಂತುರು ಚಿಮ್ಮಿಸುವುದನ್ನು ಸೆರೆಹಿಡಿದರು. ನಮ್ಮ ಕ್ಯಾಮೆರಾ ವಾಸನೆಗೆ ಅಷ್ಟು ಹತ್ತಿರ ಹೋದದ್ದು ಅದೊಂದೇ ಸಲವಿರಬೇಕು.

ಇಷ್ಟನ್ನೆಲ್ಲ ನಾನು ವಿಜ್ಞಾನದ ಪದವೀಧರನಾಗಿ ಓದಿ ತಿಳಿದಿದ್ದೆ. ಮೂಗಿನ ಬೆಲೆ ತಿಳಿದದ್ದು ಮಾತ್ರ 2021ರ ಮೇ ತಿಂಗಳಲ್ಲಿ. ಕೋವಿಡ್ ಜ್ವರ ಬಂದು ಹೋಗಿತ್ತು. ಕೆಮ್ಮೂ ಇರಲಿಲ್ಲ. ಒಂದು ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು ಅಲ್ಲೇ ಪಕ್ಕದಲ್ಲಿ ನಿಂತು ಪತ್ರಿಕೆ ಓದುತ್ತಿದ್ದೆ. ಒಳಕೋಣೆಯಿಂದ ಅಮ್ಮ ಕೂಗಿದರು: “ಏನೋ, ಹಾಲು ಉಕ್ಕಿ ಸೀದುಹೋಗ್ತಿದೆ, ಮೂಗು ಎಲ್ಲಿಟ್ಟಿದ್ದೀಯೋ?” ನೋಡಿದರೆ ಪಾತ್ರೆ ಕರಕಲಾಗಿತ್ತು. ಬಗ್ಗಿ ಮೂಸಿದೆ. ಏನೂ ಇಲ್ಲ. ಕಾಫಿಪುಡಿಯ ಡಬ್ಬಿ ತೆಗೆದು ಮೂಸಿದೆ, ಬೆಳ್ಳುಳ್ಳಿ ಜಜ್ಜಿ ಮೂಸಿದೆ. ಗೋಡೆಯನ್ನು ಮೂಸಿದ ಹಾಗಿತ್ತು.

ಈ ವೈರಸ್ಸು ವಾಸನೆಯ ನರಕೋಶಗಳನ್ನೇ ಕೊಲ್ಲುತ್ತದೆಯೆಂದು ಎಲ್ಲರೂ ಮೊದಲು ಹೆದರಿದ್ದರು. ಆದರೆ ವೈರಸ್ಸಿಗೆ ಒಳಹೋಗಲು ಬೇಕಾದ ಬಾಗಿಲು ಆ ನರಕೋಶಗಳಲ್ಲಿ ಇಲ್ಲವೆಂದೂ, ಅವುಗಳ ಸುತ್ತ ನಿಂತು ಆಹಾರ ಒದಗಿಸುವ ಆಸರೆಕೋಶಗಳಲ್ಲಿ ಇದೆಯೆಂದೂ 2020ರಲ್ಲೇ ಗೊತ್ತಾಯಿತು. ಆಳುಕಾಳು ಬಿದ್ದ ಮೇಲೆ ಯಜಮಾನನೂ ಮಲಗಿದ ಕಥೆ. ಬುಡದ ಮೂಲಕೋಶಗಳು ಉಳಿದಿದ್ದರೆ ಹೊಸ ನರಕೋಶಗಳು ಬೆಳೆಯುತ್ತವೆ. ಹೆಚ್ಚಿನವರಿಗೆ ವಾಸನೆ ಕೆಲವು ವಾರಗಳಲ್ಲಿ ಮರಳಿದ್ದು ಹೀಗೆ. ಎಲ್ಲರಿಗೂ ಮರಳಲಿಲ್ಲ. ಕೆಲವರಿಗೆ ತಪ್ಪು ತಪ್ಪಾಗಿ ಮರಳಿತು. ನಾನು ಆ ಗುಂಪಿನವನು. ಮೂರು ತಿಂಗಳ ಮೇಲೆ ಕಾಫಿಯಲ್ಲಿ ವಾಸನೆಯೇನೋ ಬಂತು, ಸುಟ್ಟ ರಬ್ಬರಿನ ವಾಸನೆ! ಈರುಳ್ಳಿ ಹುರಿಯುವಾಗ ಎದ್ದು ಹೊರಗೆ ಹೋಗಬೇಕಾಗುತ್ತಿತ್ತು. ಹೊಸ ಕೋಶಗಳೆಲ್ಲ ಇನ್ನೂ ಬಂದಿರುವುದಿಲ್ಲ. ಪದದ ಅರ್ಧ ಅಕ್ಷರಗಳು ಅಳಿಸಿಹೋದಾಗ ಉಳಿದದ್ದನ್ನು ಓದಿದರೆ ಬೇರೆಯೇ ಅರ್ಥ ಬರುತ್ತದಲ್ಲ, ಹಾಗೆ.

ಆಗ ಗೊತ್ತಾದ ಇನ್ನೊಂದು ಸಂಗತಿಯೆಂದರೆ, ನಾವು ‘ರುಚಿ’ ಎನ್ನುವುದರಲ್ಲಿ ಬಹುಪಾಲು ಮೂಗಿನದೇ. ನಾಲಿಗೆಗೆ ತಿಳಿಯುವುದು ಸಿಹಿ, ಹುಳಿ, ಉಪ್ಪು, ಕಹಿ ಮತ್ತು ಮಾಂಸದ ಸಾರು, ಅಣಬೆಗಳಲ್ಲಿರುವ ಉಮಾಮಿ ಎಂಬ ಐದನೆಯ ರುಚಿ, ಇಷ್ಟೇ. ಖಾರವೂ ರುಚಿಯಲ್ಲ, ಅದು ಉರಿಯನ್ನು ತಿಳಿಸುವ ನರದ ಕೂಗು. ಅಗಿಯುವಾಗ ಆಹಾರದ ಆವಿ ಬಾಯಿಯ ಹಿಂಭಾಗದಿಂದ ಮೂಗಿನ ಮೇಲ್ಛಾವಣಿಗೆ ಏರುತ್ತದೆ. ಸಾರಿಗೂ ಹುಳಿಗೂ ಇರುವ ವ್ಯತ್ಯಾಸವೆಲ್ಲ ಅಲ್ಲಿದೆ. ಆ ತಿಂಗಳುಗಳಲ್ಲಿ ಅಮ್ಮ ಮಾಡಿದ ಬಿಸಿಬೇಳೆಭಾತು ನನಗೆ ಬಿಸಿ, ಉಪ್ಪು, ಹುಳಿ, ಖಾರಗಳ ಒಂದು ಮುದ್ದೆ ಅಷ್ಟೆ. ನೀವೇ ಪರೀಕ್ಷಿಸಿ ನೋಡಿ: ಮೂಗನ್ನು ಬೆರಳಿನಿಂದ ಗಟ್ಟಿಯಾಗಿ ಹಿಡಿದು ಒಂದು ಚಿಟಿಕೆ ಏಲಕ್ಕಿ ಪುಡಿಯನ್ನು ಸಕ್ಕರೆಯೊಡನೆ ಬಾಯಿಗೆ ಹಾಕಿಕೊಳ್ಳಿ. ಬರಿಯ ಸಿಹಿ. ಮೂಗು ಬಿಡಿ. ಏಲಕ್ಕಿ ಒಮ್ಮೆಗೇ ಬಂದು ಕುಳಿತುಕೊಳ್ಳುತ್ತದೆ.

ಊಟ ಸಪ್ಪೆಯಾಗುವುದು ಸಣ್ಣ ನಷ್ಟ. ದೊಡ್ಡ ನಷ್ಟ ಬೇರೆ ಇದೆ. ಅಡುಗೆ ಅನಿಲಕ್ಕೆ ಸ್ವಂತದ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ನಮಗೆ ಸೋರಿಕೆ ತಿಳಿಯಲೆಂದೇ ಈಥೈಲ್ ಮರ್ಕ್ಯಾಪ್ಟನ್ ಎಂಬ, ಕೊಳೆತ ಕೋಸಿನಂತೆ ನಾರುವ ಗಂಧಕದ ಸಂಯುಕ್ತವನ್ನು ಅದಕ್ಕೆ ಬೆರೆಸುತ್ತಾರೆ. ಅನಿಲಕ್ಕೆ ಹೀಗೆ ನಾತ ಬೆರೆಸುವುದು ಕಡ್ಡಾಯವಾದದ್ದರ ಹಿಂದೆ ಒಂದು ಘೋರ ಘಟನೆಯಿದೆ. 1937ರ ಮಾರ್ಚ್ 18ರಂದು ಅಮೆರಿಕದ ಟೆಕ್ಸಸ್ ರಾಜ್ಯದ ನ್ಯೂ ಲಂಡನ್ ಎಂಬ ಊರಿನ ಶಾಲೆಯ ನೆಲಮಾಳಿಗೆಯಲ್ಲಿ ವಾಸನೆಯಿಲ್ಲದ ಅನಿಲ ಸೋರಿ ತುಂಬಿಕೊಂಡು, ಕಿಡಿ ತಗುಲಿ ಸಿಡಿಯಿತು. ಸುಮಾರು 300 ಮಂದಿ ಸತ್ತರು. ಹೆಚ್ಚಿನವರು ನಿಮ್ಮ ವಯಸ್ಸಿನ ಮಕ್ಕಳು. ಒಂದು ಕೆಟ್ಟ ವಾಸನೆ ಇದ್ದಿದ್ದರೆ ಅವರು ಎದ್ದು ಹೊರಗೆ ಓಡುತ್ತಿದ್ದರು. ಮೂಗು ಸತ್ತ ದಿನಗಳಲ್ಲಿ ನಾನು ರಾತ್ರಿ ಎರಡೆರಡು ಸಲ ಎದ್ದು ಸಿಲಿಂಡರಿನ ಕೀಲಿಯನ್ನು ಮುಟ್ಟಿ ನೋಡುತ್ತಿದ್ದೆ. ಈ ಅನಿಲ ಗಾಳಿಗಿಂತ ಭಾರ, ನೆಲದ ಮೇಲೇ ಹರಡಿಕೊಳ್ಳುತ್ತದೆ. ವಾಸನೆ ಬಂದರೆ ದೀಪದ ಸ್ವಿಚ್ಚನ್ನು ಮುಟ್ಟದೆ, ಕಿಟಕಿ ಬಾಗಿಲು ತೆರೆದು, ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿ ಹೊರಗೆ ಬರಬೇಕು.

ಮೂಗು ಕೈಕೊಡುವ ಇನ್ನೊಂದು ಜಾಗವಿದೆ, ಅದರ ವಿಷಯ ಹೇಳದೆ ಮುಂದೆ ಹೋಗಲಾರೆ. ಮ್ಯಾನ್‌ಹೋಲಿನೊಳಗೆ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆಯಂತೆ ನಾರುತ್ತದೆ. ನೂರು ಕೋಟಿ ಭಾಗ ಗಾಳಿಯಲ್ಲಿ ಕೆಲವೇ ಭಾಗವಿದ್ದರೂ ನಮಗೆ ತಿಳಿಯುತ್ತದೆ. ಆದರೆ ಹತ್ತು ಲಕ್ಷಕ್ಕೆ ನೂರು ಭಾಗವನ್ನು ಮುಟ್ಟಿತೆಂದರೆ ಅದು ಮೂಗನ್ನೇ ಮರಗಟ್ಟಿಸಿಬಿಡುತ್ತದೆ. ನಾತ ನಿಂತಿತು, ಗಾಳಿ ಶುದ್ಧವಾಯಿತು ಎಂದು ಒಳಗಿಳಿದವನು ನಂಬುವ ಹೊತ್ತಿಗೆ ಸಾವು ಪಕ್ಕದಲ್ಲಿರುತ್ತದೆ. ಅವನನ್ನು ಎತ್ತಲು ಇಳಿದವನೂ ಹಾಗೆಯೇ ಬೀಳುತ್ತಾನೆ. ಮನುಷ್ಯರನ್ನು ಹೀಗೆ ರಕ್ಷಣೆಯಿಲ್ಲದೆ ಒಳಗಿಳಿಸುವುದನ್ನು 2013ರ ಕಾನೂನು ನಿಷೇಧಿಸಿದೆ. ನಮ್ಮ ರಾಜ್ಯದ ನಗರಗಳಿಂದಲೂ ಇಂಥ ಸಾವಿನ ಸುದ್ದಿ ಆಮೇಲೂ ಬಂದಿದೆ. ಸುದ್ದಿಯಲ್ಲಿ ‘ಉಸಿರುಗಟ್ಟಿ’ ಎಂದಷ್ಟೇ ಇರುತ್ತದೆ. ನೀವು ವಿಜ್ಞಾನ ಓದುವವರು, ಅದರ ಹಿಂದೆ ಏನು ನಡೆಯಿತೆಂಬುದು ನಿಮಗೆ ಗೊತ್ತಿರಬೇಕು.

ದ್ವಿಚಕ್ರ ವಾಹನ ಓಡಿಸುವ ಕಾಲೇಜು ಮಿತ್ರರಿಗೊಂದು ಮಾತು. ಜರಡಿಮೂಳೆಯ ತೂತುಗಳಲ್ಲಿ ಹಾದುಹೋಗುವ ತಂತುಗಳು ಬಹಳ ನಾಜೂಕು. ತಲೆಗೆ ಪೆಟ್ಟು ಬಿದ್ದು ಮಿದುಳು ಒಳಗೆ ಸರಿದಾಡಿದರೆ ಅವು ಕತ್ತರಿಸಿಹೋಗಬಹುದು. ಗಾಯ ಮಾಯ್ದರೂ ವಾಸನೆ ಮರಳದವರಿದ್ದಾರೆ. ಹೆಲ್ಮೆಟ್ಟಿನ ಪಟ್ಟಿಯನ್ನು ಗಲ್ಲಕ್ಕೆ ಬಿಗಿದುಕೊಳ್ಳಿ.

‘ನಾಯಿಯ ಮುಂದೆ ನಮ್ಮ ಮೂಗೇನು ಮಹಾ’ ಎಂಬ ಮಾತೊಂದು ಇದೆ. ಮನುಷ್ಯನ ಘ್ರಾಣಪಿಂಡ ಮಿದುಳಿನ ಗಾತ್ರಕ್ಕೆ ಹೋಲಿಸಿದರೆ ಚಿಕ್ಕದು, ಆದ್ದರಿಂದ ಅವನ ಮೂಗು ಮಂದ ಎಂಬ ವಾದ ಹತ್ತೊಂಬತ್ತನೆಯ ಶತಮಾನದ ಪಾಲ್ ಬ್ರೋಕಾನ ಕಾಲದ್ದು. ಇದು ಆಧಾರವಿಲ್ಲದ ನಂಬಿಕೆ ಎಂದು ಜಾನ್ ಮೆಕ್‌ಗ್ಯಾನ್ 2017ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಅದಕ್ಕೂ ಹತ್ತು ವರ್ಷ ಮೊದಲು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಒಂದು ತಮಾಷೆಯ ಪ್ರಯೋಗ ನಡೆದಿತ್ತು. ಹುಲ್ಲಿನ ಮೇಲೆ ಹತ್ತು ಮೀಟರು ಉದ್ದಕ್ಕೆ ಚಾಕೊಲೇಟಿನ ವಾಸನೆಯ ದಾರಿ ಬಿಡಿಸಿ, ವಿದ್ಯಾರ್ಥಿಗಳ ಕಣ್ಣು ಕಿವಿ ಕಟ್ಟಿ, ಮಂಡಿಯೂರಿ ಮೂಸುತ್ತಾ ಹೋಗಲು ಹೇಳಿದರು. ಮೂರರಲ್ಲಿ ಎರಡು ಪಾಲು ಜನ ದಾರಿ ಹಿಡಿದು ಹೋದರು. ಅಭ್ಯಾಸ ಮಾಡಿದ ಹಾಗೆಲ್ಲ ವೇಗವೂ ಹೆಚ್ಚಿತು. ನಾಯಿಯನ್ನು ನಾವು ಗೆಲ್ಲಲಾರೆವು, ನಿಜ. ಆದರೆ ನಾವು ಮೂಗನ್ನು ಬಳಸದೆ ಅದಕ್ಕೆ ದಡ್ಡನೆಂಬ ಹೆಸರಿಟ್ಟಿದ್ದೇವೆ.

ಹೆಸರಿನ ಮಾತು ಬಂತು. ವಾಸನೆಗೆ ಪದಗಳೇ ಇಲ್ಲವೆಂದು ಇಂಗ್ಲಿಷಿನಲ್ಲಿ ಬರೆಯುವವರು ಗೊಣಗುತ್ತಾರೆ. ಮಲಯ ಪರ್ಯಾಯದ್ವೀಪದ ಕಾಡಿನಲ್ಲಿರುವ ಜಹಾಯ್ ಜನರ ಭಾಷೆಯಲ್ಲಿ ಬಣ್ಣಗಳಿಗಿರುವಂತೆಯೇ ವಾಸನೆಗಳಿಗೂ ಸ್ವತಂತ್ರ ಪದಗಳಿವೆ, ಅವರು ವಾಸನೆಯನ್ನು ಥಟ್ಟನೆ ಹೆಸರಿಸಬಲ್ಲರು ಎಂದು 2014ರ ಅಧ್ಯಯನವೊಂದು ತಿಳಿಸಿತು. ಕನ್ನಡವೂ ಈ ವಿಷಯದಲ್ಲಿ ಬಡವಿಯಲ್ಲ. ಕಂಪು, ಘಮ, ನಾತ, ಗಬ್ಬುಗಳು ಹಾಗಿರಲಿ. ಹಳೆಯ ಎಣ್ಣೆಯ ಕಮಟು, ಮಳೆಗಾಲದ ಬಟ್ಟೆಯ ಮುಗ್ಗಲು, ಒಲೆಯ ಮೇಲೆ ಮರೆತ ಅನ್ನದ ಸೀದ ವಾಸನೆ, ಕುದಿ ಸಾಲದ ಸಾರಿನ ಹಸಿ ವಾಸನೆ ಇವೆಲ್ಲ ಬೇರೆ ಬೇರೆ. ಮಾಗಿಯ ಚಳಿಯಲ್ಲಿ ಬರುವ ಅವರೆಕಾಯಿಯ ವಾಸನೆಗೆ ನಮ್ಮವರು ‘ಸೊಗಡು’ ಎನ್ನುತ್ತಾರೆ. ಸಂತೆಯಲ್ಲಿ ಕಾಯನ್ನು ಕೈಯಲ್ಲಿ ಹಿಡಿದು, ‘ಸೊಗಡಿಲ್ಲ’ ಎಂದು ಹಿಂದಕ್ಕೆ ಹಾಕುವ ಹೆಂಗಸರನ್ನು ನೀವು ನೋಡಿರಬಹುದು. ಅದು ತಪ್ಪಿಲ್ಲದ ರಾಸಾಯನಿಕ ಪರೀಕ್ಷೆ.

ಮೂಗು ತರಬೇತಿಗೆ ಬಗ್ಗುತ್ತದೆ ಎಂದೆನಲ್ಲ, ಅದೇ ಚಿಕಿತ್ಸೆಯೂ ಆಗಿದೆ. ಜರ್ಮನಿಯ ಡ್ರೆಸ್ಡೆನ್ನಿನ ಥಾಮಸ್ ಹುಮ್ಮೆಲ್ ಮತ್ತು ಸಂಗಡಿಗರು 2009ರಲ್ಲಿ ಒಂದು ಸರಳ ಕ್ರಮವನ್ನು ಪ್ರಕಟಿಸಿದರು. ಗುಲಾಬಿ, ನೀಲಗಿರಿ, ನಿಂಬೆ, ಲವಂಗ ಈ ನಾಲ್ಕು ವಾಸನೆಗಳನ್ನು ದಿನಕ್ಕೆರಡು ಸಲ, ಹನ್ನೆರಡು ವಾರ, ಮನಸ್ಸಿಟ್ಟು ಮೂಸುವುದು. ಎಲ್ಲರಿಗೂ ಗುಣವಾಗುವುದಿಲ್ಲ, ಮೂಸದೆ ಬಿಟ್ಟವರಿಗಿಂತ ಹೆಚ್ಚು ಜನರಿಗೆ ಆಗುತ್ತದೆ. ನನ್ನ ವೈದ್ಯರು ಇದನ್ನು ಹೇಳಿದಾಗ, ನಾಲ್ಕೂ ನಮ್ಮ ಮನೆಯಲ್ಲೇ ಇದೆಯಲ್ಲ ಎಂದು ಅಮ್ಮನಿಗೆ ಸಂತೋಷವಾಯಿತು. ನಾಲ್ಕು ಪುಟ್ಟ ಬಾಟಲಿಗಳನ್ನು ಅವರೇ ಸಿದ್ಧಮಾಡಿ, ಬೆಳಿಗ್ಗೆ ಕಾಫಿಗೆ ಮುಂಚೆ, ರಾತ್ರಿ ಊಟದ ಮೇಲೆ ಎದುರು ಕುಳಿತು ಮೂಸಿಸುತ್ತಿದ್ದರು. “ಇದು ಯಾವುದು ಹೇಳು” ಎಂದು ಮುಚ್ಚಳ ತೆಗೆಯುವರು. ಮೊದಲ ತಿಂಗಳು ನಾಲ್ಕೂ ಒಂದೇ. ಎಂಟನೆಯ ವಾರ ಲವಂಗ ಬಂತು. ದೂರದ ರೇಡಿಯೋ ಕೇಂದ್ರದಂತೆ, ಬಂದು ಹೋಗಿ, ಬಂದು ಹೋಗಿ. ನಿಂಬೆ ಅದಾದ ಮೇಲೆ. ಕಾಫಿಯಲ್ಲಿನ ರಬ್ಬರು ಕರಗಲು ಒಂದು ವರ್ಷವೇ ಹಿಡಿಯಿತು. ಅದು ಪೂರ್ತಿ ಕಾಫಿಯಾದ ಬೆಳಿಗ್ಗೆ ನಾನು ಲೋಟ ಹಿಡಿದುಕೊಂಡು ಬಹಳ ಹೊತ್ತು ಕುಡಿಯದೆ ಕುಳಿತಿದ್ದೆ. ತಣ್ಣಗಾಯಿತೆಂದು ಅಮ್ಮ ಗದರಿದರು.

ಮರಳಿ ಬಂದ ವಾಸನೆಗಳನ್ನು ಒಂದು ನೋಟುಪುಸ್ತಕದಲ್ಲಿ ತಾರೀಖು ಹಾಕಿ ಬರೆದಿಟ್ಟಿದ್ದೇನೆ. ಮಲ್ಲಿಗೆ, ಸೀಮೆಎಣ್ಣೆ, ಒದ್ದೆ ಮಣ್ಣು, ಹೊಸ ಕ್ಯಾಮೆರಾ ಪೆಟ್ಟಿಗೆಯ ಒಳಗಿನ ಸ್ಪಂಜು ಎಲ್ಲವೂ ಅದರಲ್ಲಿವೆ. ಇಂಗಿನ ಎದುರು ಇನ್ನೂ ತಾರೀಖು ಬಿದ್ದಿಲ್ಲ.